ಅಂಜಿಕೆಯರಿಯದ ದ್ವೀಪ

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ ಪಶ್ಚಿಮಕ್ಕೆ ಸುಮಾರು 1000 ಕಿಲೋಮೀಟರು ದೂರ, ಶಾಂತಸಾಗರದಲ್ಲಿ, ಗ್ಯಾಲಪಗೋಸ್ ದ್ವೀಪಸ್ತೋಮವಿದೆ. ಅದರ ದೊಡ್ಡ ದ್ವೀಪಗಳಲ್ಲಿ ಎಲ್ಲಕ್ಕೂ ಪಶ್ಚಿಮದ್ದು ಫರ್ನಾಂಡಿನ. ಅದನ್ನು ದ್ವೀಪವೆನ್ನುವುದಕ್ಕಿಂತ ಕಡಲಿನಿಂದ ಮೇಲೆದ್ದು ನಿಂತ ಜ್ವಾಲಾಮುಖಿಯೆಂದರೇ ಸರಿ; 2024ರ ಮಾರ್ಚ್ ತಿಂಗಳಿನಲ್ಲಿಯೂ ಅದು ಬೆಂಕಿಯುಗುಳಿತು. ಅಲ್ಲಿ ಜನವಸತಿಯಿಲ್ಲ. ಮನುಷ್ಯನ ಬೆನ್ನು ಹಿಡಿದು ಬರುವ ಹಡಗಿನ ಇಲಿ, ಬೆಕ್ಕು, ಮೇಕೆಗಳೂ ಅಲ್ಲಿ ಬೇರೂರಿಲ್ಲ.

ಪ್ರವಾಸಿಗಳು ಕಾಲಿಡಬಹುದಾದ ತಾಣ ಪುಂಟಾ ಎಸ್ಪಿನೋಸ ಎಂಬ ಭೂಶಿರ. ಅಲ್ಲಿಯೂ ರಾಷ್ಟ್ರೀಯ ಉದ್ಯಾನದ ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಇಳಿಯುವಂತಿಲ್ಲ. ಒಬ್ಬ ಮಾರ್ಗದರ್ಶಿಗೆ 16 ಮಂದಿಗಿಂತ ಹೆಚ್ಚು ಯಾತ್ರಿಕರಿರುವಂತಿಲ್ಲ. ಕಾಂಡ್ಲಾ ಗಿಡಗಳ ಮರೆಯಲ್ಲಿ ದೋಣಿ ನಿಲ್ಲುತ್ತದೆ. ಮುಂದೆ ಕಾಣುವುದೆಲ್ಲ ಕಪ್ಪು ನೆಲ. ಹರಿಯುತ್ತಲೇ ಹೆಪ್ಪುಗಟ್ಟಿದ ಶಿಲಾರಸವು ಕೆಲವೆಡೆ ಹೊಸೆದ ಹಗ್ಗದಂತೆ ಸುರುಳಿ ಸುರುಳಿಯಾಗಿ ಬಿದ್ದಿದೆ.

ಆ ನೆಲದ ಒಂದು ಭಾಗವು ಮೆಲ್ಲನೆ ಮಿಸುಕಿದಾಗ ಹೊಸಬರು ಬೆಚ್ಚುತ್ತಾರೆ. ಅವು ಕಡಲ ಇಗುವಾನಗಳು. ನೋಟಕ್ಕೆ ನಮ್ಮ ಉಡದ ದೂರದ ದಾಯಾದಿಗಳು. ನೂರಾರು ಪ್ರಾಣಿಗಳು ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುತ್ತಿರುತ್ತವೆ. ಮೈ ಕಾದಮೇಲೆ ದೊಡ್ಡವು ಸಮುದ್ರಕ್ಕಿಳಿದು, ಮುಳುಗಿ, ಬಂಡೆಯ ಪಾಚಿಯನ್ನು ಮೇಯುತ್ತವೆ. ಒಳಸೇರಿದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತವೆ. ಎಲ್ ನಿನೋ ವರ್ಷಗಳಲ್ಲಿ ನೀರು ಬಿಸಿಯಾಗಿ ಪಾಚಿ ಕ್ಷೀಣಿಸಿದರೆ, ಇವು ಬಡಕಲಾಗುವುದಷ್ಟೇ ಅಲ್ಲ, ಮೈಯುದ್ದದಲ್ಲಿಯೇ ಕುಗ್ಗುತ್ತವೆ; ಶೇಕಡ 20ರವರೆಗೆ ಕುಗ್ಗಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ.

ಅಲ್ಲಿಂದ ತುಸು ಮುಂದೆ ಹಾರಲಾರದ ನೀರುಕಾಗೆಗಳ ಬೀಡು. ಫರ್ನಾಂಡಿನ ಮತ್ತು ನೆರೆಯ ಇಸಬೆಲಾ ತೀರಗಳಲ್ಲಲ್ಲದೆ ಜಗತ್ತಿನಲ್ಲಿ ಮತ್ತೆಲ್ಲೂ ಇವು ಇಲ್ಲ. ಬೇಟೆಯಾಡುವ ಮೃಗಗಳಿಲ್ಲದ ನಾಡಿನಲ್ಲಿ, ಮೀನಿಗಾಗಿ ಮುಳುಗುವುದೇ ಕಸುಬಾದ ಹಕ್ಕಿಗೆ ಹಾರಾಟ ಬೇಡವಾಯಿತು, ರೆಕ್ಕೆ ಮೊಂಡಾಯಿತು. ಗಂಡು ಪ್ರತಿಸಲವೂ ಗೂಡಿಗೆ ಕಡಲಪಾಚಿಯ ಕಾಣಿಕೆ ತರುತ್ತದೆ. ಇಷ್ಟಾದರೂ, ಮರಿ ತಕ್ಕಮಟ್ಟಿಗೆ ಬೆಳೆದಾಗ ಹೆಣ್ಣು ಅದನ್ನು ಗಂಡಿನ ಪಾಲಿಗೆ ಬಿಟ್ಟು ಬೇರೆ ಸಂಗಾತಿಯನ್ನು ಅರಸಿ ಹೋಗುವುದುಂಟು!

ಈ ಜೀವಿಗಳಾವುವೂ ಮನುಷ್ಯನನ್ನು ಕಂಡು ಓಡುವುದಿಲ್ಲ. ಆದ್ದರಿಂದ ಹಿಂಜರಿಯಬೇಕಾದವನು ಮನುಷ್ಯನೇ. ಎರಡು ಮೀಟರು ದೂರ ನಿಲ್ಲಬೇಕೆಂಬುದು ಕಟ್ಟಳೆ. 1835ರಲ್ಲಿ ಈ ದ್ವೀಪಸ್ತೋಮಕ್ಕೆ ಬಂದ ಡಾರ್ವಿನ್, ಕೊಂಬೆಯ ಮೇಲಿದ್ದ ಗಿಡುಗವೊಂದನ್ನು ಬಂದೂಕಿನ ತುದಿಯಿಂದಲೇ ತಳ್ಳಿದುದಾಗಿ ಬರೆದಿದ್ದಾನೆ. ಆ ಕಾಲದ ತಿಮಿಂಗಿಲ ಬೇಟೆಗಾರರು ಇಷ್ಟಕ್ಕೇ ನಿಲ್ಲಲಿಲ್ಲ. ಅನ್ನನೀರಿಲ್ಲದೆ ತಿಂಗಳುಗಟ್ಟಲೆ ಬದುಕುವ ದೈತ್ಯ ಆಮೆಗಳನ್ನು, ಮಾಂಸಕ್ಕಾಗಿ, ಜೀವಂತವಾಗಿ ಹಡಗಿಗೆ ತುಂಬಿದರು. ಹಾಗೆ ಅಳಿದ ಆಮೆಗಳು ಲಕ್ಷಕ್ಕೂ ಮಿಗಿಲೆಂದು ಅಂದಾಜು.

ಫರ್ನಾಂಡಿನದ ಆಮೆಯ ಕಥೆ ಇನ್ನೂ ವಿಚಿತ್ರವಾದುದು. 1906ರಲ್ಲಿ ಸಂಗ್ರಾಹಕರ ತಂಡಕ್ಕೆ ಒಂದು ಗಂಡು ದೊರೆಯಿತು. ಅದರ ಕಳೇಬರವು ಕ್ಯಾಲಿಫೋರ್ನಿಯದ ಸಂಗ್ರಹಾಲಯವನ್ನು ಸೇರಿತು. ಬಳಿಕ ಶತಮಾನಕ್ಕೂ ಮಿಕ್ಕಿ ಒಂದೂ ಕಾಣದೆ, ಆ ಕುಲವೇ ಅಳಿಯಿತೆಂದು ಹಲವರು ಬಗೆದರು. 2019ರ ಫೆಬ್ರವರಿಯಲ್ಲಿ, ಶಿಲಾರಸದ ಹರಿವುಗಳ ನಡುವೆ ಉಳಿದ ಹಸುರುತುಣುಕೊಂದರಲ್ಲಿ ಒಂಟಿ ಹೆಣ್ಣಾಮೆ ಸಿಕ್ಕಿತು. ಎರಡೂ ಒಂದೇ ಕುಲದವೆಂದು 2022ರಲ್ಲಿ ವಂಶವಾಹಿಗಳ ಪರೀಕ್ಷೆಯಿಂದ ಸಿದ್ಧವಾಯಿತು. ‘ಫರ್ನಾಂಡ’ ಎಂಬ ಹೆಸರಿನ ಆ ಹೆಣ್ಣನ್ನು ಸಾಂತಾ ಕ್ರೂಸ್ ದ್ವೀಪದ ಪಾಲನಾಕೇಂದ್ರಕ್ಕೆ ಒಯ್ದರು. ಅದಕ್ಕೊಂದು ಜೊತೆಯನ್ನು ಹುಡುಕುತ್ತ ಅನ್ವೇಷಕರು ಮತ್ತೆ ಬೆಟ್ಟವನ್ನು ಹತ್ತಿದರು.

ಸಂಜೆ ಆರರೊಳಗೆ ಯಾತ್ರಿಕರು ದೋಣಿಗೆ ಮರಳಬೇಕು. ಕಪ್ಪು ಇಳಿಜಾರಿನ ಮೇಲಿನ ಚೂರು ಹಸುರು ಅಲ್ಲಿಂದಲೂ ಕಾಣುತ್ತದೆ. ಆದರೆ ಅಲ್ಲಿಗೆ ಯಾತ್ರಿಕರಿಗೆ ದಾರಿಯಿಲ್ಲ.