ಬೊಗ್ಗನ ಅಮಾನತು

ನಮ್ಮ ತೋಟದ ಮೇಲ್ವಿಚಾರಕ ಬೊಗ್ಗ. ಜಾತಿ ಕೇಳಬೇಡಿ, ಊರ ನಾಯಿ. ಆಳು ಸಿಗದ ಈ ಕಾಲದಲ್ಲಿ ಒಂದು ದಿನವೂ ರಜೆ ಕೇಳದವನು ಇವನೊಬ್ಬನೇ.

ಬೆಳಿಗ್ಗೆ ನಾನು ತೋಟಕ್ಕಿಳಿದರೆ ಮುಂದೆ ಅವನು. ದಾರಿಯುದ್ದಕ್ಕೂ ಅಡಿಕೆ ಮರದ ಬುಡಕ್ಕೆ ಕಾಲೆತ್ತಿ ರುಜು. ನಿನ್ನೆಯ ರುಜುವಿನ ಮೇಲೆ ಬೇರೆ ಯಾರಾದರೂ ರುಜು ಹಾಕಿದ್ದಾರೋ ಅಂತ ಮೂಸಿ ಪರಿಶೀಲನೆ ಬೇರೆ. ಬುಡಕ್ಕೆ ಎಲುಬಿನ ಹುಡಿ ಹಾಕಿ ಮುಚ್ಚಿದೆನೋ, ಮುಗಿಯಿತು. ಕೆರೆದು ತೆಗೆದು ತನಿಖೆ ಮಾಡದೆ ಬಿಡ. ಮಂಗಗಳ ವಿಭಾಗದಲ್ಲಿ ಮಾತ್ರ ಸೋತಿದ್ದಾನೆ. ಅವು ಮೇಲೆ ಕುಳಿತು ಬೊಂಡ ಕುಡಿಯುತ್ತವೆ, ಇವನು ಬುಡದಲ್ಲಿ ಭಾಷಣ ಮಾಡುತ್ತಾನೆ. ಖಾಲಿ ಬೊಂಡವೊಂದು ಪಕ್ಕಕ್ಕೆ ಬಿದ್ದರೆ ಭಾಷಣ ಸಮಾಪ್ತಿ.

ಹಗಲೆಲ್ಲ ಅಂಗಳದಲ್ಲಿ ನಿದ್ದೆ. ಕಳೆದ ಏಪ್ರಿಲಿನಲ್ಲಿ ಕರು ಹಗ್ಗ ಬಿಚ್ಚಿಕೊಂಡು ಬಂದು, ಇವನ ಮೂಗಿನೆದುರೇ ಒಂದು ಚಾಪೆ ಹಲಸಿನ ಹಪ್ಪಳ ತಿಂದಿತು. ಸಾಹೇಬರು ಕಣ್ಣು ತೆರೆಯಲಿಲ್ಲ. ನನಗೆ ಸಿಟ್ಟು ಬಂತು. ಕರ್ತವ್ಯದ ವೇಳೆ ನಿದ್ದೆ! ಅಮಾನತು ಮಾಡಿದೆ. ಅಂದರೆ, ಹಗಲೂ ರಾತ್ರಿಯೂ ಹಟ್ಟಿಯ ಕಂಬಕ್ಕೆ ಸಂಕೋಲೆ.

ನಾಲ್ಕನೇ ಬೆಳಿಗ್ಗೆ ಮೇಲಿನ ತಟ್ಟಿಗೆ ಹೋದರೆ, ಹಿಂದಿನ ಮಳೆಗಾಲದಲ್ಲಿ ನೆಟ್ಟ 20 ತೆಂಗಿನ ಸಸಿಗಳಲ್ಲಿ 9 ಅಡ್ಡ ಬಿದ್ದಿವೆ. ಬುಡ ಕೆರೆದು ಮೆದುಭಾಗ ತಿಂದು ಹೋಗಿದೆ ಮುಳ್ಳುಹಂದಿ. ರಶೀದಿ ಕೊಟ್ಟಂತೆ ಎರಡು ಮುಳ್ಳು ಅಲ್ಲೇ ಬಿದ್ದಿತ್ತು.

"ಅವನದ್ದು ರಾತ್ರಿ ಪಾಳಿ ಅಲ್ವಾ? ಹಗಲು ನಿದ್ದೆ ಮಾಡದೆ ಇನ್ನೇನು ಮಾಡ್ಬೇಕು?" ಅಂದಳು ಹೆಂಡತಿ. "ರಾತ್ರಿಯೆಲ್ಲ ಬೊಗಳುವುದು ನಿಮಗೆ ಕೇಳಿದರಲ್ವಾ, ನಿಮ್ಮ ಗೊರಕೆ ಕೇಳಿ ನನಗೇ ನಿದ್ದೆ ಇಲ್ಲ. ಹಪ್ಪಳ ನನ್ನದು. ನಾನೇ ಸುಮ್ಮನಿದ್ದೆ."

ಸಂಜೆ ಸಂಕೋಲೆ ಬಿಚ್ಚಿದೆ. ಮನುಷ್ಯನಾಗಿದ್ದರೆ ಬಾಕಿ ಸಂಬಳ ಕೇಳುತ್ತಿದ್ದ, ಕಡೆಗೆ ಒಂದು ವಾರ ಮುಖವಾದರೂ ತಿರುಗಿಸುತ್ತಿದ್ದ. ಇವನು ಕೈ ನೆಕ್ಕಿ ಸೀದಾ ಮೇಲಿನ ತಟ್ಟಿಗೆ ಓಡಿದ. ಎರಡೇ ದಿನ, ಮೂತಿಗೆ ಐದು ಮುಳ್ಳು ಚುಚ್ಚಿಸಿಕೊಂಡು ಬಂದ! ಎಳೆಯಲು ಹೋಗಿ ಒಂದನ್ನು ಮುರಿದವನು ನಾನೇ. ತುಂಡು ಒಳಗುಳಿದರೆ ಕೀವಾಗುತ್ತದೆ. ಪಶುವೈದ್ಯರು ಮಂಪರು ಕೊಟ್ಟು ತೆಗೆಯಬೇಕಾಯಿತು. ನೀವಂತೂ ಮನೆಯಲ್ಲಿ ಎಳೆಯಲು ಹೋಗಬೇಡಿ.

ಉಳಿದ 11 ಸಸಿಗಳಿಗೆ ಹಳೆಯ ತಗಡು ಸುತ್ತಿ, ಬುಡ ಮಣ್ಣಿನೊಳಗೆ ಹೂತಿದ್ದೇನೆ. ಮರುದಿನ ಬೊಗ್ಗ ಬಂದು ಪ್ರತಿ ತಗಡನ್ನೂ ಸುತ್ತಿ ನೋಡಿದ. ಹನ್ನೊಂದಕ್ಕೂ ರುಜು ಬಿತ್ತು.