ಮೊದಲು ಸೂರ್ಯಕಾಂತಿ

"ಉಮ್ಮಾ, ಇದೊಂದು ಲೆವೆಲ್ ಮುಗಿಯಲಿ" ಎಂದ ಮಗ. ಗದರಲು ಹೋದವಳು ಆ ದಿನ ಅವನ ಪಕ್ಕದಲ್ಲೇ ಕುಳಿತೆ.

ಆಟದ ಹೆಸರು 'ಪ್ಲಾಂಟ್ಸ್ ವರ್ಸಸ್ ಝೋಂಬೀಸ್'. ಅಮೆರಿಕದ ಪಾಪ್‌ಕ್ಯಾಪ್ ಗೇಮ್ಸ್ ಕಂಪೆನಿ 2009ರಲ್ಲಿ ಹೊರತಂದದ್ದು. ಎದ್ದು ಬರುವ ಹೆಣಗಳು, ಅಂದರೆ ಝೋಂಬಿಗಳು, ಮನೆಗೆ ಮುತ್ತಿಗೆ ಹಾಕುತ್ತವೆ. ಅಂಗಳದ ಸಾಲುಗಳಲ್ಲಿ ಗಿಡ ನೆಟ್ಟು ಮನೆ ಕಾಯಬೇಕು. ಬಟಾಣಿ ಗಿಡದ ಬೆಲೆ 100 'ಸೂರ್ಯ'. ಅದು ಶತ್ರುವಿಗೆ ಹೊಡೆಯುತ್ತದೆ. ಸೂರ್ಯಕಾಂತಿಗೆ 50. ಅದು ಹೊಡೆಯುವುದಿಲ್ಲ, ಆದರೆ ಆಗಾಗ 25 ಸೂರ್ಯ ಕೊಡುತ್ತಿರುತ್ತದೆ. ಸಾಲಿಗೊಂದು ಹುಲ್ಲು ಕತ್ತರಿಸುವ ಯಂತ್ರವಿದೆ. ಆಪತ್ತಿಗೆ ತೆಗೆದಿಟ್ಟ ಒಡವೆಯಂತೆ ಅದು ಒಮ್ಮೆ ಮಾತ್ರ ಕಾಪಾಡುತ್ತದೆ.

ನಾನು ಗಾಬರಿಯಿಂದ ಬರೇ ಬಟಾಣಿ ನೆಟ್ಟೆ. ಝೋಂಬಿಗಳ ಹಿಂಡು ಬರುವಾಗ ಕೈ ಬರಿದು. ಮನೆ ಹೋಯಿತು. "ಮೊದಲು ಸೂರ್ಯಕಾಂತಿ ನೆಡಬೇಕು ಉಮ್ಮಾ" ಎಂದು ಮಗ ನಕ್ಕ.

ದುಂದುವೆಚ್ಚದ ಬಗ್ಗೆ ತರಗತಿಯಲ್ಲಿ ನಾನು ಎಷ್ಟೋ ಬಾರಿ ಪಾಠ ಹೇಳಿದ್ದೇನೆ. ಆದರೂ ಸಂಬಳದ ಹಣ ನಮ್ಮ ಮನೆಯಲ್ಲಿ ತಿಂಗಳ ಕೊನೆಯವರೆಗೆ ಉಳಿದದ್ದು ಕಡಿಮೆ. ಅದೇ ಪಾಠವನ್ನು ಈ ಹುಡುಗ ತಾನೇ ಸೋತು ಕಲಿತಿದ್ದ.

ಆಟಕ್ಕೆ ಮಿತಿ ಬೇಕು, ನಿಜ. ಎರಡು ಲೆವೆಲ್ ಆದೊಡನೆ ನಿಲ್ಲಿಸುವುದೆಂದು ನಾವಿಬ್ಬರೂ ಮಾತಾಡಿಕೊಂಡೆವು. ಈಗ ಅವನೇ ನಿಲ್ಲಿಸುತ್ತಾನೆ. ಸಹೋದರಿಯರೇ, ಮಕ್ಕಳ ಕೈಯಿಂದ ಕಿತ್ತುಕೊಳ್ಳುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ.