ಬಚ್ಚಲ ಒಲೆ ಬದಲಿಸಿದರೆ ಸೌದೆ ಎಷ್ಟು ಉಳಿಯುತ್ತೆ?

ಪ್ರಶ್ನೆ: ಹಳೆಯ ಹಂಡೆ ಒಲೆ ಒಡೆಸಿ, ಹೊಗೆಕೊಳವೆಯ ಹೊಸ ಒಲೆ ಕಟ್ಟಿಸಬೇಕೆಂದಿದ್ದೇವೆ. ಉಳಿತಾಯ ಅಳೆಯುವುದು ಹೇಗೆ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಒಡೆಸುವ ಮೊದಲೇ ಅಳತೆ ಶುರುಮಾಡಿ, ಆಮೇಲೆ ಹೋಲಿಸಲು ಏನೂ ಉಳಿಯದು. ಒಂದು ವಾರ ಒಲೆಗೆ ಹಾಕುವುದನ್ನೆಲ್ಲ ತೂಗಿ ಬರೆದಿಡಿ. ಮಟ್ಟೆ, ಕರಟ, ಸೌದೆಗಳ ಲೆಕ್ಕ ಬೇರೆಬೇರೆ ಇರಲಿ. ಹಸಿ ಮಟ್ಟೆಯ ತೂಕದಲ್ಲಿ ನೀರೇ ಹೆಚ್ಚು, ಒಣಗಿದ್ದನ್ನೇ ಉರಿಸಿ. ಎಷ್ಟು ಬಿಂದಿಗೆ ನೀರು, ಕಾಯಿಸುವ ಮೊದಲು ಮತ್ತು ನಂತರ ಅದರ ಉಷ್ಣತೆ ಎಷ್ಟು ಎಂಬುದೂ ಬೇಕು. ಚಳಿಗಾಲದಲ್ಲಿ ನೀರು ಹೆಚ್ಚು ತಣ್ಣಗಿರುವುದರಿಂದ ಬರೀ ಸೌದೆಯ ತೂಕ ದಾರಿ ತಪ್ಪಿಸುತ್ತದೆ.

ಒಂದು ಲೀಟರ್ ನೀರು ಒಂದು ಡಿಗ್ರಿ ಸೆಲ್ಸಿಯಸ್ ಏರಲು ಒಂದು ಕಿಲೋಕ್ಯಾಲರಿ ಬೇಕು. 40 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು 1,400. ಒಣ ಸೌದೆ ಕಿಲೋಗೆ ಸುಮಾರು 3,500 ಕೊಡುತ್ತದೆ. ಅಂದರೆ ಲೆಕ್ಕಕ್ಕೆ 400 ಗ್ರಾಂ ಸಾಕು. ನಿಮ್ಮ ಒಲೆ 4 ಕಿಲೋ ನುಂಗಿದರೆ, ನೀರಿಗೆ ಸೇರಿದ್ದು ಹತ್ತರಲ್ಲಿ ಒಂದು ಪಾಲು. ಮಿಕ್ಕಿದ್ದು ಹೊಗೆ, ಗೋಡೆ, ಗಾಳಿಯ ಪಾಲು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ರೂಪಿಸಿದ ಒಲೆಗಳು ಈ ನಷ್ಟವನ್ನೇ ಕಡಿಮೆ ಮಾಡಿದವು. ಹೊಸ ಒಲೆಯ ಮಣ್ಣು ಪೂರ್ತಿ ಒಣಗಿದ ಮೇಲೆ ಅದೇ ಹಂಡೆ, ಅದೇ ಸೌದೆಯಿಂದ ಮತ್ತೊಂದು ವಾರ ಅಳೆಯಿರಿ. ಎರಡೂ ವಾರದ ಸೌದೆಯನ್ನು ಆಯಾ ವಾರದ ‘ಲೀಟರ್ × ಏರಿದ ಡಿಗ್ರಿ’ಯಿಂದ ಭಾಗಿಸಿದರೆ ಉಳಿತಾಯ ಸಿಗುತ್ತದೆ.